ದೇವರ ಪರವಾಗಿ ನಾನು ಜೋಡಿಸಿದ ಚೀಟಿಗಳು

ಹೊಸ ವರ್ಷದ ಮೊದಲ ಭಾನುವಾರ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಚೀಟಿ ಎತ್ತುವ ಪದ್ಧತಿಯಿದೆ. ಠಾಣೆಯ ಮಾಜಿವಾಡಾದ ಹತ್ತಿರ ಒಂದು ಶಾಲೆಯ ಎರಡನೇ ಮಹಡಿಯ ಕೋಣೆಯಲ್ಲಿ ನಾವು ಆರಾಧನೆಗೆ ಸೇರುತ್ತೇವೆ. ಡೊಂಬಿವಲಿ, ಕಲ್ಯಾಣ, ಬದಲಾಪುರ, ನವಿ ಮುಂಬಯಿ ಕಡೆಗಳಿಂದ ಬರುವ ನಲವತ್ತು ಚಿಲ್ಲರೆ ಜನ. ಅಂದು ಆರಾಧನೆಯ ಕೊನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ಅದರ ತುಂಬ ಸುರುಳಿ ಸುತ್ತಿ ದಾರ ಕಟ್ಟಿದ ಚೀಟಿಗಳು, ಒಂದೊಂದರಲ್ಲಿ ಬೈಬಲಿನ ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಎತ್ತಬೇಕು, ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಬೇಕು. ಬಂದದ್ದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಅದನ್ನು ಕೆಲವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ, ಕೆಲವರು ರೈಲ್ವೆ ಪಾಸಿನ ಹಿಂದೆ ಮಡಚಿ ಇಟ್ಟುಕೊಳ್ಳುತ್ತಾರೆ.

ಹನ್ನೆರಡು ವರ್ಷಗಳಿಂದ ಆ ಚೀಟಿಗಳನ್ನು ಬರೆಯುವವಳು ನಾನು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಯಾವ ಚೀಟಿ ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದವಳೂ ನಾನೇ.

ಮೊದಲ ವರ್ಷ ನಾನು ಪ್ರಾಮಾಣಿಕಳಾಗಿದ್ದೆ. ಕಣ್ಣಿಗೆ ಬಿದ್ದ ವಾಕ್ಯಗಳನ್ನೆಲ್ಲ ಬರೆದು, ಡಬ್ಬಿಗೆ ಹಾಕಿ, ಚೆನ್ನಾಗಿ ಕುಲುಕಿದ್ದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಮನುಷ್ಯನ ದಿನಗಳು ಹುಲ್ಲಿನ ಹಾಗೆ ಒಣಗಿಹೋಗುತ್ತವೆ ಎಂಬರ್ಥದ ಚೀಟಿಯನ್ನು ಓದಿದರು. ಅವರ ಹೆಂಡತಿ ಮೇಲೆ ನೋಡಲಿಲ್ಲ, ನನ್ನ ಕಡೆ ನೋಡಿದರು.

ಮರುವರ್ಷ ಹುಲ್ಲಿನ ವಾಕ್ಯವನ್ನು ಬಿಟ್ಟೆ. ಹುಲ್ಲಿನ ಜೊತೆ ನ್ಯಾಯತೀರ್ಪು, ಬರಗಾಲ, ಕುಷ್ಠ, ಮಿಡತೆಗಳನ್ನೂ ಬಿಟ್ಟೆ. ಅದರ ಮರುವರ್ಷ ಇನ್ನೊಂದು ಹೆಜ್ಜೆ ಮುಂದಿಟ್ಟೆ. ನಮ್ಮ ಜನ ಇಗರ್ಜಿಯಲ್ಲಿ ಜಾಗ ಬದಲಾಯಿಸುವುದಿಲ್ಲ. ಕಿಟಕಿಯ ಪಕ್ಕ ಕೂತವರು ಮಳೆ ಒಳಗೆ ಹೊಡೆದರೂ ಅಲ್ಲೇ ಕೂರುತ್ತಾರೆ. ಹಾಗಾಗಿ ಡಬ್ಬಿ ಯಾವ ಬೆಂಚಿನಿಂದ ಹೊರಟು ಯಾವ ಬೆಂಚಿಗೆ ಹೋಗುತ್ತದೆಂದು ನನಗೆ ಬಾಯಿಪಾಠವಾಗಿತ್ತು. ಚೀಟಿಗಳನ್ನು ಅದೇ ಕ್ರಮದಲ್ಲಿ ಪದರಪದರವಾಗಿ ಜೋಡಿಸಿದೆ. ಡಬ್ಬಿ ಹಿಡಿದು ನಡೆಯುವವಳೂ ನಾನೇ ಆದ್ದರಿಂದ, ಮುಂದೆ ಚಾಚುವಾಗ ಹೆಬ್ಬೆರಳಿನಿಂದ ಬೇಕಾದ ಚೀಟಿಯನ್ನು ಒಂದಿಷ್ಟು ಮೇಲೆ ತಳ್ಳುತ್ತಿದ್ದೆ. ಕಣ್ಣು ಮುಚ್ಚಿದವರ ಬೆರಳಿಗೆ ಮೊದಲು ಸಿಗುವುದು ಅದೇ. ಕೆಲಸ ಹುಡುಕುತ್ತಿದ್ದವಳಿಗೆ ತೆರೆದ ಬಾಗಿಲಿನ ವಾಕ್ಯ. ಪರೀಕ್ಷೆಗೆ ಕೂರುವವನಿಗೆ ಜ್ಞಾನದ ವಾಕ್ಯ. ಡಯಾಲಿಸಿಸ್‌ನವರಿಗೆ ಸೋತವರಿಗೆ ಹದ್ದಿನ ರೆಕ್ಕೆ ಮೂಡುವ ವಾಕ್ಯ. ಅವರು ಇನ್ನೂ ನಾಲ್ಕು ವರ್ಷ ಬದುಕಿದರು, ನಾಲ್ಕೂ ವರ್ಷ ನಾನು ಅವರಿಗೆ ಬಲವಾದದ್ದನ್ನೇ ಕೊಟ್ಟೆ.

ಜನ ಬೆರಗಾಗುತ್ತಿದ್ದರು. "ಅಕ್ಕಾ, ನಿನ್ನೆ ರಾತ್ರಿ ನಾನು ಇದನ್ನೇ ಕೇಳಿಕೊಂಡಿದ್ದೆ, ನೋಡಿ, ಇದೇ ಬಂತು!" ಎಂದು ಚೀಟಿ ಹಿಡಿದು ಅಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಅವರು ಕೇಳಿಕೊಂಡದ್ದು ನನಗೆ ಮೊದಲೇ ಗೊತ್ತಿರುತ್ತಿತ್ತು, ಬುಧವಾರ ಪ್ರಾರ್ಥನೆಯ ಕೋರಿಕೆಗೆ ಫೋನು ಮಾಡಿದಾಗ ನನಗೇ ಹೇಳಿರುತ್ತಿದ್ದರು.

ಡಬ್ಬಿಯ ತಳದ ಕೊನೆಯ ಚೀಟಿ ನನ್ನದು. ಅದನ್ನೂ ನಾನೇ ಆರಿಸಿ, ನಾನೇ ಬರೆದು, ನಾನೇ ಸುತ್ತಿ, ಕೊನೆಗೆ ಕಣ್ಣು ಮುಚ್ಚಿ ನಾನೇ ಎತ್ತುತ್ತಿದ್ದೆ. ಮೊದಮೊದಲು ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು, ಆಮೇಲೆ ಅದೂ ನಿಂತಿತು. ಹೋಟೆಲಿನವರು ಮಧ್ಯಾಹ್ನ ತಮ್ಮದೇ ಸಾಂಬಾರಿನ ಎದುರು ಕೂತು ಮೊಸರನ್ನ ಕೇಳುವುದನ್ನು ನೋಡಿದ್ದೇನೆ. ನನ್ನದೂ ಹಾಗೇ ಆಯಿತು. ಮನೆಯಲ್ಲಿ ಸಂಜೆಯ ಪ್ರಾರ್ಥನೆಯನ್ನು ತಪ್ಪದೆ ನಡೆಸುತ್ತಿದ್ದೆ, ಆದರೆ ಲೋಕಲ್ ಗಾಡಿಯಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳುವ ದನಿಯಲ್ಲಿ. ಸಭೆಯಲ್ಲಿ ನನ್ನ ಪ್ರಾರ್ಥನೆಗೆ ಒಳ್ಳೆಯ ಹೆಸರಿತ್ತು. ಗೃಹಪ್ರವೇಶಕ್ಕೆ, ಆಪರೇಷನ್ನಿಗೆ, ನಾಮಕರಣಕ್ಕೆ ನನ್ನನ್ನೇ ಎಬ್ಬಿಸುತ್ತಿದ್ದರು. ಕಳೆದ ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ ಇದ್ದಾಗ, ಯಾರಿಗಾಗಿಯೂ ಅಲ್ಲದೆ ನನಗಾಗಿ ಒಂದು ಪ್ರಾರ್ಥನೆ ಮಾಡೋಣವೆಂದು ಕೂತೆ. ಕುಕ್ಕರ್ ಮೂರು ಸೀಟಿ ಹಾಕುವವರೆಗೂ ಕೂತಿದ್ದೆ. ಒಂದು ಶಬ್ದವೂ ಬರಲಿಲ್ಲ. ಆಮೇಲೆ ನಾಲ್ಕೈದು ಸಲ ಪ್ರಯತ್ನಿಸಿದೆ. ಪ್ರತಿ ಸಲವೂ ಅಷ್ಟೇ. ದೇವರಿದ್ದಾನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನನಗೂ ಅವನಿಗೂ ಇನ್ನೂ ಮಾತುಕತೆ ಇದೆಯೇ ಎಂಬುದೇ ಸಂಶಯ. ಅದನ್ನು ಯಾರಿಗೂ ಹೇಳದೆ, ಡಿಸೆಂಬರಿನಲ್ಲಿ ನಲವತ್ತನಾಲ್ಕು ಚೀಟಿ ಬರೆದು ಜೋಡಿಸಿಟ್ಟೆ.

ಇನ್ನು ನಡೆದದ್ದನ್ನು ನಿಧಾನವಾಗಿ ಬರೆಯುತ್ತೇನೆ. ನನಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ.

ಈ ವರ್ಷದ ಆ ಮೊದಲ ಭಾನುವಾರ ಮೆಗಾಬ್ಲಾಕ್. ಹಳಿಯ ಕೆಲಸಕ್ಕೆಂದು ಭಾನುವಾರ ರೈಲ್ವೆಯವರು ಗಾಡಿ ಕಡಿಮೆ ಮಾಡುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮ ಯಜಮಾನರು ಮೈಕು ಜೋಡಿಸಲು ಬೆಳಗ್ಗೆಯೇ ಹೋಗಿದ್ದರು. ಡೊಂಬಿವಲಿಯಲ್ಲಿ ಮಹಿಳೆಯರ ಬೋಗಿ ಹತ್ತಿದಾಗಲೇ ಬಾಗಿಲಲ್ಲಿ ನಿಲ್ಲುವಷ್ಟೇ ಜಾಗ. ಹೆಗಲಿಗೆ ಚೀಲ, ಬಲಗೈಯಲ್ಲಿ ಚೀಟಿಯ ಡಬ್ಬಿ. ಚೀಲದಲ್ಲಿಟ್ಟರೆ ಅಡಿಮೇಲಾಗಿ ಕ್ರಮ ತಪ್ಪೀತೆಂದು ಅದನ್ನು ಎದೆಯ ಮಟ್ಟದಲ್ಲಿ ನೇರವಾಗಿ, ತುಂಬಿದ ಚಹಾದ ಲೋಟದಂತೆ ಹಿಡಿದಿದ್ದೆ.

ದಿವಾ ಬಂತು. ಬಾಗಿಲಲ್ಲಿ ನಿಂತವರಿಗೆ ಅಲ್ಲಿ ಸ್ವಂತ ಇಚ್ಛೆ ಎನ್ನುವುದು ಇರುವುದಿಲ್ಲ. ಇಳಿಯುವವರ ಜೊತೆ ನಾನೂ ಪ್ಲಾಟ್‌ಫಾರಂ ಮೇಲೆ ಬಂದುಬಿಟ್ಟೆ. ಹತ್ತುವವರು ನನ್ನನ್ನು ದಾಟಿ ಹತ್ತಿದರು. ನಾನು ಬಲಗಾಲನ್ನು ಮೆಟ್ಟಿಲ ಮೇಲಿಟ್ಟೆ. ಎಡಗೈಯಲ್ಲಿ ಸೀರೆಯ ನೆರಿಗೆ, ಬಲಗೈಯಲ್ಲಿ ಡಬ್ಬಿ. ಎಡಗಾಲು ಇನ್ನೂ ಪ್ಲಾಟ್‌ಫಾರಂ ಮೇಲಿತ್ತು. ಗಾಡಿ ಹೊರಟಿತು. ಎಡಗಾಲು ಎತ್ತಿದೆ, ಇಡಲು ಜಾಗ ಸಿಗಲಿಲ್ಲ. ಬಾಗಿಲ ನಡುವಿನ ಕಂಬ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಹಿಡಿಯಲು ಒಂದು ಕೈ ಬೇಕಿತ್ತು. ನನ್ನ ಹತ್ತಿರ ಇರಲಿಲ್ಲ.

ಬೀಳಬೇಕಿತ್ತು. ಬೀಳಲಿಲ್ಲ. ಹಸಿರು ಗಾಜಿನ ಬಳೆಗಳ ಒಂದು ಕೈ ನನ್ನ ಬಲ ಮುಂಗೈಯನ್ನು ಹಿಡಿದಿತ್ತು. ಇನ್ನೊಂದು ಕೈ ಚೀಲದ ಪಟ್ಟಿಯನ್ನು ಹಿಡಿದಿತ್ತು. ಮೂರನೆಯದು ರವಿಕೆಯ ಬೆನ್ನನ್ನು ಮುಷ್ಟಿ ಕಟ್ಟಿ ಹಿಡಿದಿತ್ತು, ಹೊಲಿಗೆ ಬಿಡುವ ಸದ್ದು ನನಗೆ ಕೇಳಿಸಿತು. ಇಡೀ ಹೊತ್ತಿನಲ್ಲಿ ನಾನು ಯಾವುದನ್ನೂ ಹಿಡಿದಿರಲಿಲ್ಲ, ನೆರಿಗೆ ಮತ್ತು ಡಬ್ಬಿಯನ್ನು ಬಿಟ್ಟು.

"ಅಗ ಬಾಯಿ, ಡಬಾ ಸೋಡ ಆಧಿ!" ಎಂದು ಬಳೆಯವಳು ಕಿರುಚಿದಳು. ಮೊದಲು ಡಬ್ಬಿ ಬಿಡು ಎಂದು.

ನಾನು ಬಿಡಲಿಲ್ಲ. ಕ್ರಮ ತಪ್ಪುತ್ತದೆ ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಅದೇ.

ಪ್ಲಾಟ್‌ಫಾರಂ ಮುಗಿಯುವ ಮೊದಲೇ ಅವರು ನನ್ನನ್ನು ಒಳಗೆಳೆದರು. ಎಳೆದ ರಭಸಕ್ಕೆ ಡಬ್ಬಿ ಕಂಬಕ್ಕೆ ಬಡಿದು, ಕೈಜಾರಿ ಬೋಗಿಯ ನೆಲದ ಮೇಲೆ ಮೂರು ಸಲ ಪಲ್ಟಿ ಹೊಡೆಯಿತು. ಮುಚ್ಚಳ ಬಿಗಿಯಾಗಿದ್ದರಿಂದ ಒಂದು ಚೀಟಿಯೂ ಹೊರಗೆ ಬೀಳಲಿಲ್ಲ. ಒಳಗಿನ ಕ್ರಮ ಮಾತ್ರ ಹೋಯಿತು.

ಒಬ್ಬರು ಎದ್ದು ನನಗೆ ಸೀಟು ಕೊಟ್ಟರು. ಡಬ್ಬಿಯನ್ನು ಹೆಕ್ಕಿ ತೊಡೆಯ ಮೇಲಿಟ್ಟುಕೊಂಡೆ. ಆಮೇಲೆ ಬೈಗುಳ ಶುರುವಾಯಿತು.

"ಮರನೇ ಕಾ ಶೌಕ್ ಹೈ ಕ್ಯಾ?" ಸಾಯುವ ಹುಚ್ಚೇ ಎಂದು ಬೈದಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗಿ. ಚೀಲದ ಪಟ್ಟಿ ಹಿಡಿದಿದ್ದವಳು ಅವಳೇ.

ಬಳೆಯವಳು ಡಬ್ಬಿಯನ್ನೇ ದಿಟ್ಟಿಸಿದಳು. "ಸೋನಂ ಆಹೆ ಕಾ ಆತ?" ಒಳಗೆ ಚಿನ್ನ ಇದೆಯಾ?

ಎದುರಿನ ಕಿಟಕಿಯ ಹೆಂಗಸು ನನ್ನ ಬಾಯಿಂದ ಬಿದ್ದ "ಕರ್ತನೇ" ಎಂಬ ಶಬ್ದವನ್ನು ಹಿಡಿದು, "ದಾನೆ ಅಕ್ಕಾ, ನೀವು ನಮ್ಮ ಊರಿನ ಕಡೆಯವರಾ?" ಎಂದರು. ಉಡುಪಿಯವರು, ತುಳುವಿನಲ್ಲಿ ದಾನೆ ಎಂದರೆ ಏನು. ಗಂಡನದು ಕಲ್ಯಾಣದಲ್ಲಿ ಹೋಟೆಲು. ನೆರೂಳಿನಲ್ಲಿ ತಂಗಿಯ ಮನೆಯ ಪೂಜೆಗೆ ಹೊರಟಿದ್ದರು, ಠಾಣೆಯಲ್ಲಿ ಗಾಡಿ ಬದಲಾಯಿಸಬೇಕಿತ್ತು. "ಹಾಗೆ ಜೀವ ಬಿಟ್ಟು ಹಿಡ್ಕೊಳ್ಳುವಂಥದ್ದು ಎಂತ ಉಂಟು ಮಾರಾಯ್ರೆ ಅದ್ರಲ್ಲಿ?"

ಮುಚ್ಚಳ ತೆಗೆದು ತೋರಿಸಿದೆ. ಎಲ್ಲರೂ ಬಗ್ಗಿದರು.

"ಭಿಶಿಯ ಚೀಟಿ!" ಎಂದಳು ಬಳೆಯವಳು. ಹೆಂಗಸರು ತಿಂಗಳಿಗೊಮ್ಮೆ ಸೇರಿ ಹಣ ಹಾಕಿ ಚೀಟಿ ಎತ್ತುವುದಕ್ಕೆ ಇಲ್ಲಿ ಭಿಶಿ ಎನ್ನುತ್ತಾರೆ. ಅಲ್ಲ, ದೇವರ ಮಾತುಗಳು, ಹೊಸ ವರ್ಷಕ್ಕೆ ಒಬ್ಬೊಬ್ಬರಿಗೆ ಒಂದೊಂದು, ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಉಡುಪಿಯ ಅಕ್ಕ ಅದನ್ನು ಒಳ್ಳೆಯ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದರು. ಬಳೆಯವಳು ಕೈ ಚಾಚಿದಳು.

"ಮಗ ಮಲಾ ಏಕ ದೇ."

ಹಾಗಾದರೆ ನನಗೊಂದು ಕೊಡು ಎಂದು ಕೇಳಿದ ಕೈ ಅದೇ ಕೈ. ಮುಂಗೈಯ ಮೇಲೆ ಅವಳ ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು. ಇದು ನಮ್ಮ ಸಭೆಯ ನಲವತ್ತನಾಲ್ಕು ಜನರಿಗೆ ಲೆಕ್ಕ ಮಾಡಿ ಬರೆದದ್ದು ಎಂದು ಯಾವ ಬಾಯಿಂದ ಹೇಳಲಿ? ಡಬ್ಬಿ ಚಾಚಿದೆ. ಅವಳು ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಗೊಣಗಿ, ಒಂದು ಎತ್ತಿದಳು. ಕನ್ನಡ ಓದಲು ಬಾರದ್ದರಿಂದ ನನಗೇ ಮರಳಿ ಕೊಟ್ಟಳು.

ಹೊಸದಾಗಿ ಮದುವೆಯಾದ ಜೋಡಿಗೆಂದು ಎರಡನೇ ಪದರದಲ್ಲಿಟ್ಟಿದ್ದ ಚೀಟಿ ಅದು. ದೇವರು ಮನೆ ಕಟ್ಟದಿದ್ದರೆ ಕಟ್ಟುವವರ ದುಡಿಮೆಯೆಲ್ಲ ದಂಡ ಎಂಬರ್ಥದ್ದು. ಉಡುಪಿಯ ಅಕ್ಕ ಮರಾಠಿಯಲ್ಲಿ ಹೇಳಿದರು. ಬಳೆಯವಳು ಬಳೆ ಸದ್ದಾಗುವಂತೆ ನಕ್ಕಳು. ಅವಳ ದಿವಾದ ಬಿಲ್ಡಿಂಗಿಗೆ ಅನಧಿಕೃತವೆಂದು ನೋಟೀಸು ಅಂಟಿಸಿ ಎರಡು ತಿಂಗಳಾಗಿತ್ತಂತೆ. "ಇದನ್ನು ನಮ್ಮ ಬಿಲ್ಡರ್‌ಗೆ ಕೊಡಬೇಕಿತ್ತು ನಿಮ್ಮ ದೇವರು, ನನಗ್ಯಾಕೆ ಕೊಟ್ಟ?" ಎಂದು ಮರಾಠಿಯಲ್ಲಿ ಹೇಳಿ, ಆದರೂ ಚೀಟಿಯನ್ನು ಮರಳಿ ಇಸಿದುಕೊಂಡು ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಳು.

ಆಮೇಲೆ ನನ್ನ ಹಿಡಿತದಲ್ಲಿ ಏನೂ ಉಳಿಯಲಿಲ್ಲ. ಇಯರ್‌ಫೋನಿನ ಹುಡುಗಿಗೆ ನರೆಗೂದಲು ಮಹಿಮೆಯ ಕಿರೀಟ ಎಂಬುದು ಬಂತು, ಸಭೆಯ ಅತಿ ಹಿರಿಯರಿಗೆಂದು ಇಟ್ಟಿದ್ದದ್ದು. ಅವಳು ನೇರ ಮಾಡಿಸಿಕೊಂಡಿದ್ದ ಕೂದಲನ್ನು ಮುಟ್ಟಿ ನೋಡಿ, "ಆಂಟಿ, ಅಭೀ ಸೇ?" ಎಂದಳು, ಈಗಿನಿಂದಲೇ ಎಂದು. ಬೋಗಿಗೆ ಬೋಗಿಯೇ ನಕ್ಕಿತು. ಉಡುಪಿಯ ಅಕ್ಕನಿಗೆ ಪಾಕಶಾಲೆಯಲ್ಲಿ ಒದ್ದಾಡಬೇಡ, ಬಂದು ಪಾದದ ಬಳಿ ಕೂರು ಎಂಬ ಧಾಟಿಯದು. "ಇದನ್ನು ಫ್ರೇಮ್ ಹಾಕಿ ನಮ್ಮ ಯಜಮಾನರ ಗಲ್ಲಾದ ಮೇಲೆ ತೂಗು ಹಾಕ್ತೇನೆ," ಎಂದರು ಅವರು, "ಬೇರೆ ದೇವರಾದ್ರೂ ಸರಿ, ಒಬ್ರು ಹೇಳಿದ್ರಲ್ಲ." ಕಳ್ವಾದ ಮೊದಲು ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಬೀನ್ಸ್ ಮುರಿಯುತ್ತ ಕೂತಿದ್ದವರು, ಅತ್ತ ಬಾಗಿಲ ಬಳಿಯವರು, ಎಲ್ಲರೂ ಕೈ ಚಾಚಿದರು. ಯಾರಿಗೆ ಯಾವುದು ಬಂದರೂ ನಾನು ಅದನ್ನು ಓದಿ ಅರ್ಥ ಹೇಳಬೇಕಿತ್ತು. ಹಾಗೆ ಅರ್ಥ ಹೇಳುವಾಗ ಒಂದು ವಿಷಯ ಗಮನಕ್ಕೆ ಬಂತು. ಈ ವಾಕ್ಯಗಳನ್ನು ನಾನು ವರ್ಷ ವರ್ಷ ಬರೆದಿದ್ದೆ, ಓದಿರಲಿಲ್ಲ.

"ಆತಾ ತೂ," ಎಂದಳು ಬಳೆಯವಳು. ಈಗ ನೀನು.

ನನ್ನ ಬೆರಳು ತನ್ನಷ್ಟಕ್ಕೇ ಡಬ್ಬಿಯ ತಳಕ್ಕೆ ಹೋಯಿತು. ಅವಳು ಕೈಗೆ ಫಟ್ಟನೆ ಹೊಡೆದಳು. "ಹುಡುಕಬಾರದು," ಎಂದು ಗದರಿ, ತಾನೇ ಒಂದು ಎತ್ತಿ ನನ್ನ ಅಂಗೈಯಲ್ಲಿಟ್ಟಳು.

ಬಿಚ್ಚಿದೆ. ಹಾಡುವ ಗುಂಪಿನ ಮುಖ್ಯಸ್ಥರಿಗೆಂದು ಬರೆದದ್ದು. ಅವರಿಗೆ ತಮ್ಮ ಕಂಠದ ಮೇಲೆ ವಿಶ್ವಾಸ ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸಿ, ಚುಚ್ಚಲೆಂದೇ ಆರಿಸಿದ್ದು. ಬಳ್ಳಿಯಿಂದ ಕಡಿದ ಕೊಂಬೆ ತಾನಾಗಿ ಹಣ್ಣು ಬಿಡಲಾರದು ಎಂಬ ಅರ್ಥದ ಮಾತು. ಅಕ್ಷರ ನನ್ನದೇ, ಹಸಿರು ಶಾಯಿಯಲ್ಲಿ. ದೇವರು ಆ ಚೀಟಿಯನ್ನು ಅವಳ ಕೈಗೆ ತಳ್ಳಿದನೆಂದು ನಾನು ಹೇಳಲಾರೆ. ಆ ಕೆಲಸ ಹೆಬ್ಬೆರಳಿನಿಂದ ಹೇಗೆ ಮಾಡಬಹುದೆಂದು ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ಬೇಗ ನಂಬುವುದಿಲ್ಲ. ಹೇಳಬಲ್ಲದ್ದು ಇಷ್ಟೇ. ಅದನ್ನು ಜೋರಾಗಿ ಓದಲು ನನ್ನಿಂದ ಆಗಲಿಲ್ಲ.

"ಕೆಟ್ಟದ್ದು ಬಂತಾ?" ಎಂದು ಉಡುಪಿಯ ಅಕ್ಕ ಮೆಲ್ಲಗೆ ಕೇಳಿದರು.

"ಸರಿಯಾದದ್ದೇ ಬಂತು," ಎಂದೆ.

ಠಾಣೆಯಲ್ಲಿ ಅವರೆಲ್ಲ ಸೇರಿ ನನ್ನನ್ನು ಇಳಿಸಿದರು. ಒಬ್ಬರು ಸೆರಗಿಗೆ ಪಿನ್ ಹಾಕಿ ಹರಿದ ರವಿಕೆಯನ್ನು ಮುಚ್ಚಿದರು. ರಿಕ್ಷಾದಲ್ಲಿ ಕೂತು ಎಣಿಸಿದೆ. ಇಪ್ಪತ್ತಾರು ಚೀಟಿ ಉಳಿದಿದ್ದವು. ಜನ ನಲವತ್ತನಾಲ್ಕು.

ನಾನು ಮುಟ್ಟುವಾಗ ಸಭಾಪಾಲಕರ ಬೋಧನೆ ಮುಗಿದು ಕೊನೆಯ ಹಾಡು ನಡೆಯುತ್ತಿತ್ತು. ನಮ್ಮ ಯಜಮಾನರು ಮೈಕಿನ ಹಿಂದಿನಿಂದ ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದರು. ಸಭಾಪಾಲಕರು, "ಅಕ್ಕ ಬಂದರು, ಡಬ್ಬಿಯೂ ಬಂತು," ಎಂದು ನಗುತ್ತ ನನ್ನನ್ನು ಮುಂದೆ ಕರೆದರು. ಜನ ಆಗಲೇ ಕಣ್ಣು ಮುಚ್ಚಿ ತಯಾರಾಗಿದ್ದರು. ಆ ಮುಚ್ಚಿದ ಕಣ್ಣುಗಳನ್ನು ನೋಡಿದಾಗ ದಿವಾದಲ್ಲಿ ಬಾರದ ಹೆದರಿಕೆ ಬಂತು.

"ಕಣ್ಣು ತೆರೀರಿ," ಎಂದೆ. "ಒಂದು ಮಾತು ಹೇಳಲಿಕ್ಕುಂಟು."

ಹೇಳಿದೆ. ಪದರ, ಬೆಂಚು, ಹೆಬ್ಬೆರಳು, ಎಲ್ಲವನ್ನೂ. ಗಾಡಿಯಲ್ಲಿ ಹಂಚಿಹೋದದ್ದನ್ನೂ. ಹೇಳುತ್ತಿದ್ದಂತೆ ಒಬ್ಬಾಕೆ ಪರ್ಸಿನಿಂದ ಹೋದ ವರ್ಷದ ಚೀಟಿ ತೆಗೆದು, ನನ್ನ ಅಕ್ಷರವನ್ನು ಹೊಸದಾಗಿ ನೋಡಿದಂತೆ ನೋಡಿದರು. ಅದನ್ನು ಮರಳಿ ಪರ್ಸಿಗೆ ಹಾಕುವರೋ ಇಲ್ಲವೋ ಎಂದು ನಾನು ಕಾದೆ. ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕೂತರು.

ಮೊದಲು ಮಾತಾಡಿದ್ದು ಬದಲಾಪುರದ ಅಜ್ಜಿ. ಗದಗಿನ ಕಡೆಯವರು, ಎಂಬತ್ತು ದಾಟಿದವರು, ಸೊಸೆಯ ಜೊತೆ ಮೂರನೇ ಬೆಂಚಿನಲ್ಲಿ ಕೂರುವವರು.

"ಹಂಗಾರ ಯವ್ವಾ, ಮೂರು ವರ್ಷ ನನಗ ತಾಳ್ಮಿ ತಾಳ್ಮಿ ಅಂತ ಬಂದದ್ದು ನೀನ ಇಟ್ಟದ್ದೇನು?"

"ಹೌದು ಅಜ್ಜಿ."

"ಯಾಕ?"

ಸೊಸೆ ನೆಲ ನೋಡಿದರು. ಅತ್ತೆಯ ಮೇಲೆ ದೂರು ಹೇಳುವ ಬುಧವಾರದ ಫೋನು ಅವರದು.

"ನಿಮಗೆ ಒಳ್ಳೇದಾಗಲಿ ಅಂತ," ಎಂದೆ.

"ಒಳ್ಳೇದು! ನಾ ಮೂರು ವರ್ಷ ಆ ದೇವರ ಕೂಡ ದಿನಾ ಮುಂಜಾನೆ ಜಗಳಾ ಮಾಡೀನಿ. ಎಂಬತ್ತು ವರ್ಷ ತಾಳ್ಕೊಂಡು ಬಂದೀನಿ, ಇನ್ನೆಷ್ಟು ತಾಳ್ಕೊಳ್ಳಲಿ, ನಿನಗ ಕಣ್ಣಿಲ್ಲೇನು ಅಂತ ಬೈದೀನಿ. ಪಾಪ, ಅವನ ತಪ್ಪಽ ಇರಲಿಲ್ಲ!"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಕೋಣೆಯೇ ನಕ್ಕಿತು, ಸಭಾಪಾಲಕರೂ ಹಾಡಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು. ಅಜ್ಜಿ ಮಾತ್ರ ನಗಲಿಲ್ಲ. ನಾನೂ ನಗಲಿಲ್ಲ. ದಿನಾ ಮುಂಜಾನೆ, ಎಂದಿದ್ದರು. ಮೂರು ವರ್ಷ. ನನ್ನ ಸುಳ್ಳು ಚೀಟಿ ಹಿಡಿದುಕೊಂಡು ಆ ಮುದುಕಿ ಅವನ ಬಾಗಿಲಿಗೆ ಹೋಗಿ ಬಡಿಯುತ್ತಿದ್ದಳು. ಬರೆದುಕೊಟ್ಟ ನಾನು ಡೊಂಬಿವಲಿಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ಕೂತಿದ್ದೆ.

"ಅವ ಏನು ಅಂದ, ಅಜ್ಜಿ?" ಎಂದು ಕೇಳಿದೆ. ಎಲ್ಲರೆದುರು ಕೇಳಬಾರದಿತ್ತು. ನನಗೆ ತಿಳಿಯಬೇಕಿತ್ತು.

"ಏನಂತಾನ? ಕೇಳಿಸ್ಕೋತಾನ. ಬೈಸ್ಕೋತಾನ. ಮತ್ತ ಮರುದಿನ ಎಬ್ಬಸ್ತಾನ." ಅಜ್ಜಿ ಸೆರಗು ಸರಿಮಾಡಿಕೊಂಡರು. "ನನ್ನ ಬಲಾ ಯಾವಾಗೋ ತೀರೇತಿ. ಮತ್ತ ದಿನಾ ಎಲ್ಲಿಂದ ಬರ್ತೈತಿ ಅಂತಿ?"

ಸಭಾಪಾಲಕರು ಗಂಟಲು ಸರಿಮಾಡಿಕೊಂಡು, ಉಳಿದ ಚೀಟಿಗಳನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಮನೆಗೊಂದರಂತೆ ಎತ್ತಿದರೆ ಸಾಕು, ಅದಕ್ಕೆ ಮೊದಲು ಅಕ್ಕ ಪ್ರಾರ್ಥನೆ ಮಾಡಲಿ, ಎಂದರು. ಅಭ್ಯಾಸದಿಂದ ಹೇಳಿದ್ದು. ಎಲ್ಲರೂ ತಲೆ ಬಾಗಿಸಿದರು, ಅದೂ ಅಭ್ಯಾಸ.

ಬಾಯಿ ತೆರೆದೆ. ನಾನು ಸದಾ ಶುರು ಮಾಡುವ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಅದರ ಹಿಂದೆ ಇನ್ನೂ ಹತ್ತು ವಾಕ್ಯ ಸಾಲಾಗಿ ನಿಂತಿದ್ದವು. ಅವುಗಳನ್ನು ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಲಿಲ್ಲ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹಾಕುತ್ತ ಹೋಯಿತು. ಯಾರೋ ಕೆಮ್ಮಿದರು.

"ನನಗೆ ಬರ್ತಾ ಇಲ್ಲ," ಎಂದು ಸಭಾಪಾಲಕರಿಗೆ ಪಿಸುಗುಟ್ಟಿದೆ. ಮೈಕು ಚಾಲೂ ಇತ್ತು. ಇಡೀ ಕೋಣೆಗೆ ಕೇಳಿಸಿತು.

"ಅವರಿಗ್ಯಾಕ ಹೇಳ್ತಿ?" ಎಂದಿತು ಮೂರನೇ ಬೆಂಚು. "ಅವಗ ಹೇಳು."

ಕಣ್ಣು ಮುಚ್ಚಿದೆ. "ಕರ್ತನೇ, ನನಗೆ ಬರ್ತಾ ಇಲ್ಲ," ಎಂದೆ. ಮುಂದೇನೋ ಇದೆಯೆಂದು ಎಲ್ಲರೂ ಕಾದರು, ನಾನೂ ಕಾದೆ. "ತುಂಬ ದಿನ ಆಯ್ತು. ನೀನೇ ಕೊಡು."

ಅಷ್ಟರಲ್ಲಿ, ನಾನು ಮತ್ತೆ ಉದ್ದ ಮಾಡಿಬಿಟ್ಟೇನೆಂದು ಹೆದರಿದವರಂತೆ, ಅಜ್ಜಿ ದೊಡ್ಡ ದನಿಯಲ್ಲಿ "ಆಮೆನ್!" ಎಂದರು.